ಅಂಗಿ ಪುಟ, ಅಚ್ಚಿನ ಪುಟ

ನಮ್ಮೂರಿನಲ್ಲಿ ಗುರುವಾರ ಮಧ್ಯಾಹ್ನದ ಮೇಲೆ ಯಾರಾದರೂ ಮನೆಯಲ್ಲಿ ಸಿಗದಿದ್ದರೆ ಮೊದಲು ಕೊಟ್ಟಿಗೆಯಲ್ಲಿ ನೋಡಬೇಕು, ಆಮೇಲೆ ಮರದ ಮೇಲೆ, ಅಲ್ಲೂ ಇಲ್ಲದಿದ್ದರೆ ಕೆರೆಯಲ್ಲಿ. ಎಲ್ಲೂ ಕಾಣದಿದ್ದರೆ ಮಾತ್ರ ಬಸ್ ಸ್ಟ್ಯಾಂಡಿಗೆ ಹೋಗಿ ವಿಚಾರಿಸುವುದು. ಗುರುವಾರ ನಮ್ಮಲ್ಲಿ ಮೇಜು ನಡೆಯುವ ದಿನ. ಮೇಜು ನಡೆಸುವವನು ನಾನು, ವಾಮನ. ಮುಂಚೆ ನಮ್ಮ ಸೋದರಮಾವ ನಡೆಸುತ್ತಿದ್ದರು. ಅವರು ಹೋದ ಮೇಲೆ, ಇವನಿಗೆ ಓದು ಬರುತ್ತದೆ, ಬೇರೆ ಕೆಲಸವೂ ಅಷ್ಟಕ್ಕಷ್ಟೇ ಎಂದು ಊರವರು ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದರು. ಇಪ್ಪತ್ತೆರಡು ವರ್ಷವಾಯಿತು.

ಹಳೆಯ ಉಗ್ರಾಣದ ನಡುವೆ ಹಲಸಿನ ಹಲಗೆಯ ಮೇಜು, ಅದರ ಮೇಲೆ ದಪ್ಪ ಪುಸ್ತಕ, ಪಕ್ಕದಲ್ಲಿ ಇಪ್ಪತ್ತು ಮುಖದ ದಾಳ. ಬಂದವರು ಎದುರು ಕೂತು ತಾವು ಏನಾಗಬೇಕೆಂದು ಹೇಳುತ್ತಾರೆ. ಅದನ್ನು ಕಣ್ಣಾರೆ ನೋಡಿದ್ದೀಯಾ ಎಂದು ನಾನು ಕೇಳುತ್ತೇನೆ. ನೋಡಿದ್ದರೆ ದಾಳ ಹಾಕಬೇಕು. ಹತ್ತಕ್ಕಿಂತ ಮೇಲೆ ಬಿದ್ದರೆ ಪುಸ್ತಕದ ಪುಟ ಓದುತ್ತೇನೆ, ಅವರು ಎದ್ದು ಹಾರಿಯೋ ಓಡಿಯೋ ಹೋಗುತ್ತಾರೆ, ಸೂರ್ಯ ಮುಳುಗುವ ಹೊತ್ತಿಗೆ ಮನುಷ್ಯರಾಗಿ ಮನೆ ಸೇರುತ್ತಾರೆ. ಇಪ್ಪತ್ತೇ ಬಿದ್ದರೆ ಮಾತ್ರ ಹೊತ್ತಿನ ಮಿತಿಯಿಲ್ಲ. ಹಾಗೆ ಬೀಳುವುದು ಅಪರೂಪ.

ಹೊರಗಿನವರಿಗೆ ಇದು ದೊಡ್ಡ ಸಂಗತಿ ಅನ್ನಿಸಬಹುದು. ನನ್ನ ಪಾಲಿಗೆ ಇದರಲ್ಲಿ ಇದ್ದದ್ದು ಬರೀ ತಕರಾರು. ಕನ್ನಡಕ ಹಾಕಿದವನು ಹದ್ದಾದರೆ ದೃಷ್ಟಿ ಯಾರದು? ಮೈಮೇಲಿದ್ದದ್ದೆಲ್ಲ ರೂಪದೊಳಗೆ ಕರಗುತ್ತದೆ ಎಂದು ಪುಸ್ತಕದಲ್ಲಿದೆ, ಆದ್ದರಿಂದ ಕನ್ನಡಕ ಕರಗಿ ಕಣ್ಣು ಹದ್ದಿನದೇ ಆಗುತ್ತದೆ. ಸರಿ, ಮೇಕೆಯಾಗಿದ್ದಾಗ ಪಕ್ಕದ ಮನೆಯ ದಾಸವಾಳ ತಿಂದರೆ ಬೈಯಬೇಕಾದ್ದು ಮೇಕೆಯನ್ನೋ ಮನುಷ್ಯನನ್ನೋ? ಇದು ಪುಸ್ತಕದಲ್ಲಿಲ್ಲ, ಆದರೆ ಇದಕ್ಕಾಗಿ ಎರಡು ಮನೆಯವರು ಇವತ್ತಿಗೂ ಮಾತಾಡುವುದಿಲ್ಲ. ಪ್ರತಿ ಪ್ರಾಣಿಗೂ ಇಷ್ಟು ಕಸುವು ಎಂದು ಲೆಕ್ಕವಿದೆ. ಪೆಟ್ಟು ತಿಂದು ಕಸುವು ಮುಗಿದರೆ ರೂಪ ಕಳಚಿ ಬೀಳುತ್ತದೆ, ಮನುಷ್ಯನಿಗೆ ಒಂದು ಗೀರೂ ಆಗಿರುವುದಿಲ್ಲ. ಗುಬ್ಬಿಗೆ ಕಸುವು ಒಂದೇ. ಒಬ್ಬ ಗುಬ್ಬಿಯಾಗಿ ಹೆಂಚಿನ ಮೇಲೆ ಕೂತಿದ್ದಾಗ ಇರುವೆ ಕಚ್ಚಿತು, ಅಷ್ಟಕ್ಕೇ ತೊಂಬತ್ತು ಕೆ.ಜಿ. ಆಸಾಮಿ ಹೆಂಚು ಮುರಿದುಕೊಂಡು ಅಡುಗೆಮನೆಗೆ ಇಳಿದ.

ನಾನು ಹೇಳಬೇಕೆಂದಿರುವುದು ಪುಸ್ತಕದ ನಡುವೆ ಎದುರುಬದುರಾಗಿರುವ ಎರಡು ಪುಟಗಳ ವಿಷಯ. ಎಡಗಡೆಯದನ್ನು ಅಂಗಿ ಪುಟ ಎನ್ನುತ್ತೇವೆ. ಅದನ್ನು ಓದಿದರೆ ರೂಪವನ್ನು ಅಂಗಿಯ ಹಾಗೆ ತೊಟ್ಟುಕೊಂಡಂತೆ. ಒಳಗಿನ ಮನಸ್ಸು ಅದೇ ಇರುತ್ತದೆ, ಎಲ್ಲ ಕೇಳಿಸುತ್ತದೆ, ಅರ್ಥವಾಗುತ್ತದೆ, ಬೇಕೆನಿಸಿದಾಗ ತಾನೇ ಕಳಚಿಕೊಂಡು ಬರಬಹುದು. ಆದರೆ ಬಾಯಿಯೂ ಸನ್ನೆಯೂ ರೂಪದ್ದೇ. ಒಮ್ಮೆ ಹಸುವಾಗಿದ್ದ ನಮ್ಮ ಗಣಿತದ ಟೀಚರ್‌ಗೆ ಮಗ್ಗಿಯೆಲ್ಲ ನೆನಪಿದ್ದರೂ ಎರಡು ಸಲ ಗೊರಸು ಕುಟ್ಟಿ ತೋರಿಸಲು ಆಗಲಿಲ್ಲ. ಬಲಗಡೆಯದು ಅಚ್ಚಿನ ಪುಟ. ಅದು ಬೆಲ್ಲದ ಪಾಕವನ್ನು ಅಚ್ಚಿಗೆ ಹೊಯ್ದ ಹಾಗೆ. ಮೈಯ ಜೊತೆ ಮನಸ್ಸೂ ಪ್ರಾಣಿಯದಾಗುತ್ತದೆ. ತಾನು ಯಾರೆಂದು ಗೊತ್ತಿರುವುದಿಲ್ಲ, ತಿರುಗಿ ಬರಬೇಕೆಂದೂ ತೋಚುವುದಿಲ್ಲ. ಇದನ್ನು ಕೇಳುವವರು ಕಡಿಮೆ. ಹಲ್ಲುನೋವು ತಡೆಯಲಾರದವರು ಕೇಳುತ್ತಾರೆ. ಗಂಡ ತೀರಿಕೊಂಡ ವರ್ಷ ಒಬ್ಬಾಕೆ ಮೂರು ಗುರುವಾರ ಬಂದು ಕೋಳಿಯಾಗಿ ಓಡಾಡಿಕೊಂಡಿದ್ದಳು. ಅಷ್ಟು ಹೊತ್ತಾದರೂ ನೆನಪಿಲ್ಲದೆ ಇರುತ್ತೇನೆ ಎಂದಿದ್ದಳು.

ಎರಡು ಪುಟಗಳ ಮೊದಲ ಸಾಲುಗಳು ಹೆಚ್ಚುಕಡಿಮೆ ಒಂದೇ. ಮುಂದೆ ಬೇರೆಯಾಗುತ್ತವೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ದಿನವೂ ಅದಲುಬದಲು ಮಾಡಿದವನಲ್ಲ. ನಿಯಮ ಎಂದರೆ ನನಗೆ ಪ್ರಾಣ.

ಹಿರಿಯಣ್ಣ ನನ್ನ ಸ್ನೇಹಿತ. ನನಗಿಂತ ಎರಡು ವರ್ಷ ದೊಡ್ಡವನು, ಸೈಕಲ್ ಶಾಪ್ ಇಟ್ಟಿದ್ದ. ಬಾಯಲ್ಲಿ ಸದಾ ಎಲೆಯಡಿಕೆ. ದಾರಿಯಲ್ಲಿ ಹೋಗುವ ಎಲ್ಲರನ್ನೂ ನಿಲ್ಲಿಸಿ ಊಟ ಆಯ್ತಾ ಎಂದು ಕೇಳುವ ಚಾಳಿ. ಆವತ್ತು ಅವನು ಮೇಜಿಗೆ ಬಂದದ್ದು ಕೋತಿಯಾಗುವುದಕ್ಕೆ. ಗಾಳಿಗೆ ಹಾರಿದ ಒಂದು ಟಾರ್ಪಾಲು ಹುಣಸೆಮರದ ತುದಿಗೆ ಸಿಕ್ಕಿಕೊಂಡಿತ್ತು, ಅದನ್ನು ಬಿಡಿಸಬೇಕಿತ್ತು. ಶಾಪಿಗೆ ಬೀಗ ಹಾಕಿ, ಕೀಲಿಕೈ ಅಂಗಿಜೇಬಿನಲ್ಲಿ ಇಟ್ಟುಕೊಂಡು, ಐದು ನಿಮಿಷದ ಕೆಲಸ ಎಂದುಕೊಂಡು ಬಂದಿದ್ದ. ಕೂತ. ನನ್ನ ಸೈಕಲ್ಲಿನ ವಿಷಯ ಏನೋ ನೆನಪಾಯಿತು ಅಂತ ಕಾಣುತ್ತದೆ. ದಾಳ ಎಸೆಯುತ್ತ, "ಲೋ ವಾಮನ, ನಿನ್ ಸೈಕಲ್ದು ಆ ಎಡಗಡೆ..." ಎಂದ. ಅಷ್ಟೇ. ಎದೆ ಹಿಡಿದುಕೊಂಡ, ಮುಖ ಬೂದಿಯಾಯಿತು, ಕುರ್ಚಿಯಿಂದ ಜಾರಿದ. ದಾಳ ಉರುಳಿ ಉರುಳಿ ನಿಂತಿತು. ಇಪ್ಪತ್ತು.

ನಮ್ಮೂರಿಂದ ಆಸ್ಪತ್ರೆಗೆ ಮೂರು ಗಂಟೆಯ ದಾರಿ. ಅವನ ಕಣ್ಣು ಮೇಲೆ ಹೋಗುತ್ತಿತ್ತು. ನನಗೆ ಹೊಳೆದದ್ದು ಒಂದೇ ನಿಯಮ. ರೂಪದಲ್ಲಿ ಇರುವಷ್ಟು ಹೊತ್ತು ಮನುಷ್ಯನ ಮೈ, ರೂಪದೊಳಗೆ ಹೊಕ್ಕಾಗ ಹೇಗಿತ್ತೋ ಹಾಗೇ ನಿಂತಿರುತ್ತದೆ. ಜ್ವರವಿದ್ದರೆ ಜ್ವರ, ಬಾಯಲ್ಲಿ ತುತ್ತಿದ್ದರೆ ತುತ್ತು. ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಕೋತಿಗೆ ಕಸುವು ಸಾಲದು ಅನ್ನಿಸಿತು. ಕಿಟಕಿಯ ಆಚೆ ಇಟ್ಟಿಗೆ ಗೂಡಿನ ಓಬಳಯ್ಯನ ಕತ್ತೆಗಳು ಹೋಗುತ್ತಿದ್ದವು. ಕತ್ತೆ ಎಂದು ಕೂಗಿ, ಪುಸ್ತಕ ತೆರೆದು, ಓದಿಯೇಬಿಟ್ಟೆ.

ಮರುಕ್ಷಣ ಮೇಜಿನ ಪಕ್ಕ ಒಂದು ಬೂದು ಕತ್ತೆ ನಿಂತಿತ್ತು. ಚೆನ್ನಾಗಿ ಉಸಿರಾಡುತ್ತಿತ್ತು. ನಾನು ಅದರ ಕುತ್ತಿಗೆ ತಬ್ಬಿಕೊಂಡು ಅತ್ತೆ. ಅತ್ತು ಮುಗಿದು ಪುಸ್ತಕದ ಕಡೆ ತಿರುಗಿದರೆ ಎರಡೂ ಪುಟಗಳು ತೆರೆದುಕೊಂಡು ಬಿದ್ದಿದ್ದವು. ನಾನು ಓದಿದ್ದು ಯಾವುದು? ರೂಢಿಯ ಮೇಲೆ ಹೋಗಿದ್ದರೆ ಅಂಗಿ ಪುಟ. ನೋವಿನಲ್ಲಿದ್ದಾನೆ, ಮರೆಯಲಿ ಎಂದುಕೊಂಡಿದ್ದರೆ ಅಚ್ಚಿನ ಪುಟ. ನೋವಿನಲ್ಲಿದ್ದಾನೆ ಎಂದು ಯೋಚಿಸಿದ್ದೂ ನಿಜ, ರೂಢಿಯೂ ನಿಜ. ಮೊದಲ ಸಾಲು ಓದಿದ್ದು ನೆನಪಿತ್ತು. ಅದು ಎರಡರಲ್ಲೂ ಇದೆಯಲ್ಲ.

ಹಿರಿಯಣ್ಣನ ಹೆಂಡತಿ ತುಂಗಮ್ಮ ಓಡಿಬಂದರು. ಆ ಮನೆಯಲ್ಲಿ ಇದ್ದದ್ದು ಇಬ್ಬರೇ. ಸೈಕಲ್ಲಿನ ಆ ಅರ್ಧ ಮಾತನ್ನೂ ಸೇರಿಸಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಕತ್ತೆಯನ್ನು ನೋಡಿದರು, ನನ್ನನ್ನು ನೋಡಿದರು, ಅಳಲಿಲ್ಲ.

"ಯಾವ ಪುಟ ಓದಿದ್ರಿ ವಾಮಣ್ಣ?" ಎಂದರು.

ಗೊತ್ತಿಲ್ಲ ಎನ್ನಬೇಕಿತ್ತು. ಆದರೆ ಆ ಮುಖ ನೋಡಿ ಹಾಗೆನ್ನಲು ನನ್ನಿಂದ ಆಗಲಿಲ್ಲ. ಮೇಜು ನಡೆಸುವವನಿಗೆ ತಾನು ಓದಿದ ಪುಟವೇ ಗೊತ್ತಿಲ್ಲವೆಂದರೆ ಹೇಗೆ ಎಂಬ ಅಹಂಕಾರವೂ ಸ್ವಲ್ಪ ಇತ್ತು, ಸುಳ್ಳೇಕೆ.

"ಅಂಗಿ ಪುಟ, ಅತ್ತಿಗೆ," ಎಂದೆ. "ಅವನಿಗೆ ಎಲ್ಲಾ ಕೇಳಿಸುತ್ತೆ."

ತುಂಗಮ್ಮ ಕತ್ತೆಯ ಹತ್ತಿರ ಹೋಗಿ, ಅದರ ಕಿವಿಯಲ್ಲಿ, "ರೀ, ಮನೆಗೆ ಹೋಗೋಣ ಬನ್ನಿ," ಎಂದರು. ಕತ್ತೆ ಹೊರಟಿತು. ಕತ್ತೆಯ ಮುಂದೆ ಯಾರು ನಡೆದರೂ ಅದು ಹಿಂದೆ ಹೊರಡುತ್ತದೆ ಎಂದು ಓಬಳಯ್ಯ ಆಮೇಲೆ ಹೇಳಿದ.

ಹದಿನಾಲ್ಕು ತಿಂಗಳು ಹಾಗೇ ನಡೆಯಿತು. ಹಿತ್ತಲಲ್ಲಿ ಚಪ್ಪರ ಹಾಕಿಸಿ, ನೆಲಕ್ಕೆ ಹುಲ್ಲು ಹಾಸಿ, ತುಂಗಮ್ಮ ಅವನನ್ನು ಇಟ್ಟುಕೊಂಡರು. ಮುಳ್ಳು ಚುಚ್ಚದಂತೆ, ನಾಯಿ ಹತ್ತಿರ ಬರದಂತೆ, ನೊಣ ಕಚ್ಚದಂತೆ ಕಾದರು. ಕತ್ತೆಗೆ ಕಸುವು ಹನ್ನೊಂದು. ಅದು ಮುಗಿದರೆ ಕತ್ತೆ ಹೋಗಿ ಆ ಗುರುವಾರದ ಹಿರಿಯಣ್ಣ ಬರುತ್ತಾನೆ, ಬಂದ ಗಳಿಗೆಯಲ್ಲೇ ಸಾಯಲೂಬಹುದು. ಊರ ಗಡಿ ದಾಟಿದರೂ ರೂಪ ಕಳಚುತ್ತದೆ, ಆದ್ದರಿಂದ ಆಸ್ಪತ್ರೆಗೆ ಒಯ್ಯುವಂತೆಯೂ ಇರಲಿಲ್ಲ. ಒಂದು ಗೀರು ಬಿದ್ದರೂ ಅವರು ಕೊಬ್ಬರಿ ಎಣ್ಣೆ ಹಚ್ಚಿ ಊದುತ್ತ ಕೂರುತ್ತಿದ್ದರು. ಶಾಪಿನ ಬೀಗ ಹಾಗೇ ಇತ್ತು, ಕೀಲಿಕೈ ಅವನ ಜೊತೆ ಕರಗಿತ್ತಲ್ಲ. ಒಳಗೆ ಊರವರ ಒಂಬತ್ತು ಸೈಕಲ್ಲುಗಳಿದ್ದವು. ಬೀಗ ಒಡೆಯೋಣ ಎಂದು ಒಬ್ಬರೂ ಬಾಯಿಬಿಡಲಿಲ್ಲ. ಒಡೆದರೆ ಅವನು ಬರುವುದಿಲ್ಲವೆಂದು ಒಪ್ಪಿಕೊಂಡಂತೆ ಎಂದು ತುಂಗಮ್ಮ ಅಂದಿದ್ದರಂತೆ. ಜನ ಸುಮ್ಮನೆ ನಡೆದೇ ಓಡಾಡಿದರು.

ನಾನು ಪ್ರತಿ ಗುರುವಾರ ಮೇಜಿಗೆ ಹೋಗುವ ಮೊದಲು ಅರ್ಧ ಕೆ.ಜಿ. ಕ್ಯಾರೆಟ್ ಹಿಡಿದು ಹೋಗುತ್ತಿದ್ದೆ. ಹಿರಿಯಣ್ಣನಿಗೆ ಕ್ಯಾರೆಟ್ ಎಂದರೆ ಮೊದಲಿಂದಲೂ ಜೀವ. ಕತ್ತೆಯೂ ತಿನ್ನುತ್ತಿತ್ತು. ಯಾವ ಕತ್ತೆ ತಿನ್ನುವುದಿಲ್ಲ, ಹೇಳಿ.

ಹೋದಾಗಲೆಲ್ಲ ತುಂಗಮ್ಮ ಮಾತಾಡುತ್ತ ಕೂತಿರುತ್ತಿದ್ದರು. ಮೊದಮೊದಲು ಊರ ಸುದ್ದಿ, ಸಾರಿಗೆ ಹುಳಿ ಜಾಸ್ತಿಯಾದದ್ದು, ಯಾರಿಗೆ ಮಗುವಾಯಿತು. ಆಮೇಲೆ ಮಾತು ಹಿಂದಕ್ಕೆ ಹೋಗತೊಡಗಿತು. ಒಂದು ಸಲ ನಾನು ಹಿತ್ತಲ ಬಾಗಿಲಲ್ಲೇ ನಿಂತೆ.

"ಊರಿನೋರ್ನೆಲ್ಲಾ ನಿಲ್ಸಿ ಊಟ ಆಯ್ತಾ ಅಂತ ಕೇಳ್ತಿದ್ರಿ," ಎನ್ನುತ್ತಿದ್ದರು ತುಂಗಮ್ಮ. ದನಿ ಜೋರಿರಲಿಲ್ಲ. "ಪೋಸ್ಟ್‌ಮ್ಯಾನ್‌ಗೆ ಕೇಳ್ತಿದ್ರಿ, ಟೈರು ಮಾರಕ್ಕೆ ಬಂದೋನ್ಗೆ ಕೇಳ್ತಿದ್ರಿ. ಇಪ್ಪತ್ತಾರು ವರ್ಷ ಬಡಿಸಿದೀನಿ ನಿಮಗೆ. ಒಂದೇ ಒಂದ್ ದಿನ, ತುಂಗಾ ನಿಂದಾಯ್ತಾ ಅಂದಿದೀರಾ? ನಂಗೆ ಸಿಟ್ಟು ಬರ್ತಿತ್ತು ರೀ. ಎಷ್ಟ್ ಸಿಟ್ಟು ಬರ್ತಿತ್ತು ಅಂದ್ರೆ, ಕೆಲವು ದಿನ ಬೇಕು ಅಂತ್ಲೇ ಊಟ ಮಾಡ್ದೇ ಮಲಗ್ತಿದ್ದೆ. ನಿಮಗೆ ಗೊತ್ತೇ ಆಗ್ಲಿಲ್ಲ."

ಕತ್ತೆ ಕಿವಿ ಅಲ್ಲಾಡಿಸಿತು. ಅದು ನೊಣಕ್ಕೂ ಅಲ್ಲಾಡಿಸುತ್ತಿತ್ತು.

ನಾನು ಕ್ಯಾರೆಟ್ ಅಲ್ಲೇ ಇಟ್ಟು ಬಂದುಬಿಟ್ಟೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ನನ್ನ ಸುಳ್ಳನ್ನು ನಂಬಿ ಆ ಹೆಂಗಸು ಜೀವಮಾನದಲ್ಲಿ ಬಾಯಿಬಿಡದ್ದನ್ನೆಲ್ಲ ಬಿಚ್ಚಿಡುತ್ತಿದ್ದಾರೆ. ಓದಿದ್ದು ಅಚ್ಚಿನ ಪುಟವಾಗಿದ್ದರೆ ಅದೆಲ್ಲ ಬರೀ ಕತ್ತೆಯ ಮುಂದೆ ಹೇಳಿದ್ದು. ಅಂಗಿ ಪುಟವಾಗಿದ್ದರೆ ಒಳಗೆ ಅವನು ಅದನ್ನೆಲ್ಲ ಕೇಳುತ್ತ, ಒಂದು ಮಾತೂ ಆಡಲಾಗದೆ ನಿಂತಿದ್ದಾನೆ. ಯಾವುದು ಮೇಲು ಎಂದು ನನಗೆ ತಿಳಿಯಲಿಲ್ಲ. ಈಗಲೂ ತಿಳಿಯದು. ಮುಂದಿನ ಗುರುವಾರ ತುಂಗಮ್ಮ ನೀರು ತರಲು ಹೋದಾಗ ನಾನೂ ಕತ್ತೆಯ ಕಿವಿಯಲ್ಲಿ, "ಯಾವ ಪುಟ ಓದಿದೆ ಅಂತ ನಂಗೇ ಗೊತ್ತಿಲ್ಲ ಕಣೋ, ಅತ್ತಿಗೆ ಹತ್ರ ಸುಳ್ಳು ಹೇಳ್ದೆ," ಎಂದು ಒಪ್ಪಿಕೊಂಡೆ. ಮನಸ್ಸು ಹಗುರವಾಯಿತು. ನಾಚಿಕೆಯೂ ಆಯಿತು.

ಹೀಗಿರುವಾಗ ಹೈಸ್ಕೂಲಿನಲ್ಲಿ ಹೃದಯದ ಕ್ಯಾಂಪ್ ಬಂತು. ಒಂದೇ ದಿನದ್ದು. ದೊಡ್ಡ ವ್ಯಾನು, ಅದರ ತುಂಬ ಯಂತ್ರ, ಜೊತೆಗೆ ಒಬ್ಬ ಡಾಕ್ಟರಮ್ಮ. ತುಂಗಮ್ಮ ಬೆಳಿಗ್ಗೆಯೇ ಹೋಗಿ ಎಲ್ಲ ಹೇಳಿದರಂತೆ. ಡಾಕ್ಟರಮ್ಮ ಪರ ಊರಿನವರು.

"ಪೇಷಂಟ್ ಎಲ್ಲಿದ್ದಾರೆ?" ಎಂದು ಮೂರು ಸಲ ಕೇಳಿದರು. ಮೂರು ಸಲವೂ ತುಂಗಮ್ಮ ಕತ್ತೆಯನ್ನೇ ತೋರಿಸಿದರು. ಕೊನೆಗೆ ಡಾಕ್ಟರಮ್ಮ ಕನ್ನಡಕ ಒರೆಸಿಕೊಂಡು, "ನೋಡಿ, ನಂಗೆ ಏನೂ ಅರ್ಥ ಆಗ್ತಿಲ್ಲ. ಆದ್ರೆ ಎದೆ ಹಿಡಕೊಂಡ ಮನುಷ್ಯ ನನ್ನ ಮುಂದೆ ಬಂದ್ರೆ ನಾನು ನೋಡ್ತೀನಿ. ಐದು ಗಂಟೆಗೆ ಗಾಡಿ ಹೊರಡುತ್ತೆ," ಎಂದರು. ಇಂಜೆಕ್ಷನ್ ತುಂಬಿ ಇಟ್ಟುಕೊಂಡರು. ಸ್ಟ್ರೆಚರ್ ಹೊರಗೆ ತರಿಸಿದರು. ಅಷ್ಟು ಮಾಡಿದ್ದಕ್ಕೆ ನನಗೆ ಅವರ ಮೇಲೆ ಇವತ್ತಿಗೂ ಗೌರವ.

ಮಧ್ಯಾಹ್ನ ನಾಲ್ಕು ಗಂಟೆ. ಸ್ಕೂಲಿನ ಹಿಂದಿನ ಬೇವಿನ ಮರದ ಕೆಳಗೆ ಕತ್ತೆ ನಿಂತಿತ್ತು. ಓಬಳಯ್ಯನೂ ಸೇರಿ ಊರೇ ಸುತ್ತ ನೆರೆದಿತ್ತು. ತುಂಗಮ್ಮ ಅದರ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ರೀ, ಡಾಕ್ಟರು ಬಂದಿದಾರೆ. ಇಲ್ಲೇ ಇದಾರೆ. ಹೆದರ್ಕೋಬೇಡಿ. ಕಳಚ್ಕೊಂಡು ಬನ್ನಿ."

ಕತ್ತೆ ನಿಂತೇ ಇತ್ತು.

"ಬನ್ನಿ ಅಂದ್ನಲ್ಲ. ಐದ್ ಗಂಟೆಗೆ ಹೊರಟೋಗ್ತಾರಂತೆ. ಇನ್ಯಾವಾಗ ಬರ್ತಾರೋ."

ಕತ್ತೆ ಒಂದು ಬೇವಿನ ಎಲೆಯನ್ನು ಮೂಸಿತು. ತುಂಗಮ್ಮ ಕಾಲು ಗಂಟೆ ಕರೆದರು. ಆಮೇಲೆ ಕೈಬಿಟ್ಟು, ಹಿಂದೆ ಸರಿದು, ಸ್ಕೂಲಿನ ಮೆಟ್ಟಿಲ ಮೇಲೆ ಕೂತರು. ಅವರು ಹೇಳಿದ್ದು ನನಗೆ ಮಾತ್ರ ಕೇಳಿಸುವಷ್ಟು ಸಣ್ಣಗಿತ್ತು.

"ಅವರಿಗೆ ಕೇಳ್ಸತ್ತೆ. ಆದ್ರೂ ಬರ್ತಿಲ್ಲ. ನಾನು ಅಷ್ಟೆಲ್ಲಾ ಅಂದ್ಬಿಟ್ನಲ್ಲ ವಾಮಣ್ಣ, ಅದಕ್ಕೇ. ನನ್ ಹತ್ರ ಬರೋದು ಅವರಿಗೆ ಬೇಕಾಗಿಲ್ಲ."

ನನ್ನ ಸುಳ್ಳು ಎಲ್ಲಿಗೆ ಬಂದು ನಿಂತಿತು ಎಂದು ಆಗ ಗೊತ್ತಾಯಿತು. ನಾನು ಅಲ್ಲೇ ನೆಲದ ಮೇಲೆ ಕೂತೆ.

"ಅತ್ತಿಗೆ, ಯಾವ ಪುಟ ಓದಿದೆ ಅಂತ ನಂಗೆ ಗೊತ್ತಿಲ್ಲ. ಆವತ್ತೂ ಗೊತ್ತಿರ್ಲಿಲ್ಲ. ಅಂಗಿ ಪುಟ ಅಂತ ಬಾಯಿಗೆ ಬಂತು, ಹೇಳ್ಬಿಟ್ಟೆ. ಅಚ್ಚಿನ ಪುಟ ಆಗಿದ್ರೆ ಅವನಿಗೆ ನೀವು ಕರೆದಿದ್ದೂ ಗೊತ್ತಿಲ್ಲ, ಬೈದಿದ್ದೂ ಗೊತ್ತಿಲ್ಲ."

ತುಂಗಮ್ಮ ನನ್ನನ್ನೇ ನೋಡಿದರು. ಕಪಾಳಕ್ಕೆ ಹೊಡೆಯುತ್ತಾರೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು.

"ಹದಿನಾಲ್ಕು ತಿಂಗಳು," ಎಂದರು. "ಹದಿನಾಲ್ಕು ತಿಂಗಳು ನಾನು ಯಾರ ಹತ್ರ ಮಾತಾಡಿದೆ ಹಂಗಾದ್ರೆ?"

ಅವರು ಎದ್ದರು. ಸೆರಗು ಸಿಕ್ಕಿಸಿಕೊಂಡರು. "ಕಸುವು ಮುಗಿಸ್ಬೇಕು. ಇನ್ನೇನು ದಾರಿ ಇದೆ. ಹೊಡೀರಿ. ನೀವೇ ತಾನೆ ಒಳಗೆ ಹಾಕಿದ್ದು, ನೀವೇ ತೆಗೀರಿ."

ಓಬಳಯ್ಯ ತನ್ನ ಕೈಯಲ್ಲಿದ್ದ ಹುಣಸೆ ಬರಲನ್ನು ನನ್ನ ಕೈಗೆ ಕೊಟ್ಟ. ಬರಲಿನ ಪೆಟ್ಟಿಗೆ ಒಂದು ಕಸುವು ಎಂದು ಪುಸ್ತಕದಲ್ಲಿದೆ. ನಾನು ಕೈ ಎತ್ತಿದೆ. ಕತ್ತೆ ನನ್ನ ಜೇಬು ಮೂಸಿತು, ಕ್ಯಾರೆಟ್ ಇದೆಯೋ ಎಂದು. ನನ್ನ ಕೈ ಹಾಗೇ ಇಳಿಯಿತು. ತುಂಗಮ್ಮ ನನ್ನ ಕೈಯಿಂದ ಬರಲು ಕಿತ್ತುಕೊಂಡರು.

ಮೊದಲ ಪೆಟ್ಟು ಪೆಟ್ಟೇ ಅಲ್ಲ, ತಟ್ಟಿದ ಹಾಗಿತ್ತು. ಅದು ಲೆಕ್ಕಕ್ಕಿಲ್ಲ ಎಂದು ನಾನೇ ಹೇಳಬೇಕಾಯಿತು. ಹಾಳು ನಿಯಮ! ಆಮೇಲೆ ಅವರು ಹಲ್ಲು ಕಚ್ಚಿ ಬೀಸಿದರು. ಒಂದು. ಎರಡು. ಕೊಬ್ಬರಿ ಎಣ್ಣೆ ಹಚ್ಚಿದ ಅದೇ ಬೆನ್ನಿನ ಮೇಲೆ ಗೆರೆಗಳು ಎದ್ದವು. ಮೂರು ಆಗುವಷ್ಟರಲ್ಲಿ ಅವರ ಬಾಯಿಂದ ಮಾತು ಹೊರಟಿತು. "ಇಪ್ಪತ್ತಾರು ವರ್ಷ," ಎನ್ನುತ್ತ ನಾಲ್ಕನೆಯದನ್ನು ಹೊಡೆದರು, "ಒಂದಿನಾನೂ ಕೇಳ್ಲಿಲ್ಲ," ಎನ್ನುತ್ತ ಐದನೆಯದನ್ನು. ಅಳುತ್ತಿದ್ದರು, ಹೊಡೆಯುತ್ತಿದ್ದರು. ಊರೆಲ್ಲ ಅತ್ತ ಮುಖ ತಿರುಗಿಸಿ ನಿಂತಿತು. ಕತ್ತೆ ಒದೆಯಲಿಲ್ಲ. ಕಟ್ಟಿರಲಿಲ್ಲ, ಓಡಿಹೋಗಲೂ ಇಲ್ಲ. ನಾಲ್ಕು ಕಾಲೂರಿ ನಿಂತು ಅಷ್ಟನ್ನೂ ತಿಂದಿತು.

"ಏನ್ ಓಬಳಯ್ಯ, ಕತ್ತೆ ಹಿಂಗೆ ನಿಲ್ತದಾ?" ಎಂದು ಪಿಸುಗುಟ್ಟಿದೆ.

"ಏಟು ತಿಂದು ರೂಢಿ ಇರೋ ಕತ್ತೆ ನಿಲ್ತವೆ ಸಾಮಿ," ಎಂದ. ಸ್ವಲ್ಪ ಯೋಚಿಸಿ, "ಇದು ಏಟೇ ತಿಂದಿಲ್ಲ. ಏಟು ಅಂದ್ರೇನು ಅಂತ ಗೊತ್ತಿಲ್ದೇ ಇರೋವೂ ನಿಲ್ತವೆ," ಎಂದ.

ಹತ್ತನೆಯದಕ್ಕೆ ತುಂಗಮ್ಮನ ತೋಳು ಸೋತಿತು. ಹನ್ನೊಂದನೆಯದನ್ನು ಹೊಡೆದು ಬರಲು ಎಸೆದುಬಿಟ್ಟರು. ಬೇವಿನ ಮರದ ಕೆಳಗೆ ಹಿರಿಯಣ್ಣ ಬಿದ್ದಿದ್ದ. ಅದೇ ನೀಲಿ ಅಂಗಿ, ಜೇಬಿನಲ್ಲಿ ಕೀಲಿಕೈ, ಬಾಯಲ್ಲಿ ಅದೇ ಎಲೆಯಡಿಕೆ, ಅದೇ ಬೂದಿ ಮುಖ. ನಾನು ಬಗ್ಗಿದೆ. ಅವನ ತುಟಿ ಅಲ್ಲಾಡಿತು.

"...ಪೆಡಲ್ಲು ಸಡಿಲ ಆಗಿದೆ, ನೋಡ್ಕೋ," ಎಂದ. ಕಣ್ಣು ಮುಚ್ಚಿದ.

ಡಾಕ್ಟರಮ್ಮ ನಮ್ಮನ್ನೆಲ್ಲ ತಳ್ಳಿ ಮುಂದೆ ಬಂದರು. ಮುಂದಿನದು ನನಗೆ ಗೊತ್ತಿಲ್ಲ, ಸೂಜಿ, ಕೂಗಾಟ, ವ್ಯಾನಿನ ಬಾಗಿಲು. ಅದೇ ವ್ಯಾನಿನಲ್ಲಿ ದೊಡ್ಡಾಸ್ಪತ್ರೆಗೆ ಒಯ್ದರು. ತುಂಗಮ್ಮ ಹತ್ತಿ ಕೂತರು. ಬಾಗಿಲು ಹಾಕುವ ಮುಂಚೆ ನನ್ನ ಕಡೆ ತಿರುಗಿ, "ಅಚ್ಚಿನ ಪುಟಾನೇ. ಅರ್ಧಕ್ಕೆ ನಿಂತಿದ್ ಮಾತು ಅಲ್ಲಿಂದಾನೇ ಹಿಡಿದ್ರು. ಏನೂ ಗೊತ್ತಿಲ್ಲ ಅವರಿಗೆ," ಎಂದರು. ಅದು ಸಮಾಧಾನವೋ ದುಃಖವೋ, ಮುಖ ನೋಡಿ ಹೇಳಲಾಗಲಿಲ್ಲ.

ಹಿರಿಯಣ್ಣ ಬದುಕಿದ. ಆರು ವಾರದ ಮೇಲೆ ಮನೆಗೆ ಬಂದ, ಶಾಪಿನ ಬೀಗ ತೆಗೆದ, ಒಂಬತ್ತೂ ಸೈಕಲ್ಲುಗಳ ಟೈರುಗಳು ಕೂತುಹೋಗಿದ್ದವು. ಕೇಳಿದವರಿಗೆಲ್ಲ, "ನಂಗೇನ್ ಗೊತ್ತಪ್ಪ, ಮೇಜಿನ ಹತ್ರ ಬಿದ್ದೆ, ಬೇವಿನ ಮರದ ಕೆಳಗೆ ಎದ್ದೆ," ಎನ್ನುತ್ತಿದ್ದ. ಊರವರು ನನ್ನನ್ನು ಬೈಯಲಿಲ್ಲ. ಮೇಜನ್ನು ಮುಂದೆಯೂ ನೀನೇ ನಡೆಸು ಎಂದರು. ನಾನು ಮಾತ್ರ ಪುಸ್ತಕ ತೆರೆದಾಗಲೆಲ್ಲ ಯಾವ ಪುಟವೆಂದು ಎರಡೆರಡು ಸಲ ನೋಡಿಕೊಳ್ಳುತ್ತಿದ್ದೆ.

ಒಂದು ಭಾನುವಾರ ಹಿರಿಯಣ್ಣನ ಮನೆಗೆ ಊಟಕ್ಕೆ ಕರೆದರು. ಹೋದೆ. ತುಂಗಮ್ಮ ನನ್ನ ಜೊತೆ ಮಾತು ಬಿಟ್ಟಿರಲಿಲ್ಲ, ಹೆಚ್ಚು ಆಡುತ್ತಲೂ ಇರಲಿಲ್ಲ. ನಾವಿಬ್ಬರೂ ಕೂತೆವು, ಅವರು ಬಡಿಸುತ್ತಿದ್ದರು. ಎರಡನೇ ಸಲ ಅನ್ನ ಹಾಕಲು ಬಂದಾಗ ಹಿರಿಯಣ್ಣ ತಟ್ಟೆಯಿಂದ ತಲೆ ಎತ್ತದೆ, "ನಿಂದಾಯ್ತಾ ಊಟ?" ಎಂದ.

ನಾನು ನನ್ನನ್ನು ಕೇಳಿದ ಎಂದುಕೊಂಡು, ಇದೇನು, ಎದುರಿಗೇ ಕೂತು ಉಣ್ಣುತ್ತಿದ್ದೇನಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ತುಂಗಮ್ಮನ ಕೈಯಲ್ಲಿದ್ದ ಅನ್ನದ ಸೌಟು ನಿಂತುಹೋದದ್ದು ಕಂಡಿತು. ಎರಡು ಅಗುಳು ನೆಲಕ್ಕೆ ಬಿದ್ದವು.

"ಇನ್ನೂ ಇಲ್ಲ," ಎಂದರು ತುಂಗಮ್ಮ. "ಆಮೇಲೆ ಮಾಡ್ತೀನಿ." ಒಳಗೆ ಹೋದರು.

ಸಾವಿನ ಬಾಗಿಲು ನೋಡಿ ಬಂದವನು ಹೆಂಡತಿಯನ್ನು ಹಾಗೆ ಕೇಳುವುದು ಸಹಜವೇ. ಅಚ್ಚಿನ ಪುಟಕ್ಕೂ ಅದಕ್ಕೂ ಏನೂ ವಿರೋಧವಿಲ್ಲ. ಹೀಗೆಂದು ನನಗೆ ನಾನೇ ಹೇಳಿಕೊಂಡು ಸಾರು ಕಲಸಿಕೊಂಡೆ.

ಊಟ ಮುಗಿಸಿ ಜಗಲಿಯ ಮೇಲೆ ಕೂತೆವು. ಹಿರಿಯಣ್ಣ ಒಳಗೆ ಒಮ್ಮೆ ನೋಡಿ, ದನಿ ತಗ್ಗಿಸಿದ.

"ಇನ್ನೊಂದ್ ಸಲ ಕ್ಯಾರೆಟ್ ಹಿಡ್ಕೊಂಡು ನಮ್ಮನೆಗೆ ಬಂದ್ಯೋ, ಕಾಲು ಮುರೀತೀನಿ."

ನಾನು ಥಟ್ಟನೆ ಅವನ ಕಡೆ ತಿರುಗಿದೆ. "ಹಿರಿಯಣ್ಣ..."

"ಶ್. ನೀನು ಹೇಳಿದ್ ಸುಳ್ಳು ನಿಜಾನೇ ಆಗಿತ್ತು ಬಿಡು. ನಿನ್ ಕಿವಿಮಾತೂ ಕೇಳಿಸ್ತು."

"ಮತ್ತೆ ಆ ಪೆಡಲ್ಲು?"

"ಹದಿನಾಲ್ಕು ತಿಂಗಳು ಆ ಮಾತು ಮರೀದಂಗೆ ಇಟ್ಕೊಂಡಿ‌ದ್ದೆ ಕಣೋ. ಬಂದ ತಕ್ಷಣ ಅದನ್ನೇ ಅನ್ಬೇಕು ಅಂತ. ಅವಳು ಹೇಳಿದ್ದೆಲ್ಲಾ ನಾನು ಕೇಳಿಸ್ಕೊಂಡೆ ಅಂತ ಗೊತ್ತಾದ್ರೆ ಅವಳು ನನ್ ಮುಂದೆ ತಲೆ ಎತ್ತಲ್ಲ."

ಎಲ್ಲವೂ ಸರಿಯೇ, ಆದರೆ ಒಂದು ಮಾತ್ರ ನನಗೆ ಅರ್ಥವಾಗಲಿಲ್ಲ. "ಮತ್ತೆ ಅಷ್ಟು ಕರೆದ್ರಲ್ಲ ಅತ್ತಿಗೆ. ಡಾಕ್ಟರು ನಿಂತಿದ್ರು. ಬರಬಹುದಿತ್ತಲ್ಲ ನೀನು. ಯಾಕೆ ಬರ್ಲಿಲ್ಲ?"

ಹಿರಿಯಣ್ಣ ಎಲೆಯಡಿಕೆಯ ತಟ್ಟೆಗೆ ಕೈ ಹಾಕಿ, ಡಾಕ್ಟರಮ್ಮ ಬೇಡ ಎಂದದ್ದು ನೆನಪಾಗಿ ಕೈ ತೆಗೆದ.

"ಮೊದ್ಲು ಹೆದರಿಕೆ ಆಯ್ತು. ಅದೇ ನೋವು ಕಾಯ್ತಾ ಇದೆಯಲ್ಲ ಅಂತ. ಆಮೇಲೆ, ಸರಿ ಬರೋಣ ಅಂದ್ಕೊಂಡೆ. ಅಷ್ಟರಲ್ಲಿ ಅವಳ ಕೈಗೆ ಆ ಹುಣಸೆ ಬರಲು ಬಂತು." ಅವನು ಬೆನ್ನು ತಿಕ್ಕಿಕೊಂಡ, ಅಲ್ಲಿ ಗೆರೆಯೇನೂ ಇರಲಿಕ್ಕಿಲ್ಲ. "ಹೊಡೀಲಿ ಅನ್ನಿಸ್ತು ಕಣೋ. ಇಪ್ಪತ್ತಾರು ವರ್ಷದ್ದಿತ್ತು."

ಇದು ಪ್ರೀತಿಯೋ, ಮೊಂಡುತನವೋ, ಎರಡೂ ಅಲ್ಲದ ಇನ್ನೇನೋ, ನನ್ನ ಪುಸ್ತಕದಲ್ಲಿ ಇದಕ್ಕೆ ಪುಟವಿಲ್ಲ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟು ಎದ್ದೆ.

ಗೇಟಿನ ಹತ್ತಿರ ತುಂಗಮ್ಮ ಹಿಂದೆ ಬಂದರು. ಕೈಯಲ್ಲಿ ಒಂದು ಬಟ್ಟೆ ಚೀಲ.

"ವಾಮಣ್ಣ, ಇನ್ನೊಂದ್ ಸಲ ಕೇಳ್ತೀನಿ, ಆಮೇಲೆ ಯಾವತ್ತೂ ಕೇಳಲ್ಲ. ಯಾವ ಪುಟ?"

ಆವತ್ತು ಗೊತ್ತಿಲ್ಲದೆ ನಿಜ ಹೇಳಿದ್ದೆ. ಈಗ ಗೊತ್ತಿದ್ದೂ, ಅವರ ಕಣ್ಣಲ್ಲಿ ಕಣ್ಣಿಟ್ಟು, "ಅಚ್ಚಿನ ಪುಟ, ಅತ್ತಿಗೆ. ಒಂದು ಮಾತೂ ಕೇಳಿಸಿರಲ್ಲ," ಎಂದೆ.

"ಸದ್ಯ," ಎಂದರು ತುಂಗಮ್ಮ. ಚೀಲವನ್ನು ನನ್ನ ಕೈಗೆ ಕೊಟ್ಟರು. "ಇದನ್ನ ನೀವೇ ತಗೊಂಡ್ ಹೋಗಿ. ಮೊದ್ಲು ದಿನಾ ಬೇಕು ಅಂತಿದ್ರು. ಈಗ ವಾಸನೆ ಕಂಡ್ರೂ ಆಗಲ್ಲ ಅವರಿಗೆ. ಯಾಕೋ ಏನೋ."

ಚೀಲ ಬಿಡಿಸಿ ನೋಡಿದೆ. ಅರ್ಧ ಕೆ.ಜಿ. ಕ್ಯಾರೆಟ್ಟು. ತಲೆ ಎತ್ತಿದಾಗ ತುಂಗಮ್ಮನ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ನಾನು ಚೀಲದ ಬಾಯಿ ಮಡಚುತ್ತಿರುವಾಗಲೇ ಒಳಗಿನಿಂದ ಹಿರಿಯಣ್ಣ ಕೂಗಿದ.

"ತುಂಗಾ, ಬಾರೆ, ನಿನ್ ಅನ್ನ ಆರೋಗ್ತಿದೆ."

"ಬಂದೆ," ಎಂದು ತುಂಗಮ್ಮ ಗೇಟು ಹಾಕಿಕೊಂಡು ಒಳಗೆ ಹೋದರು.